ಟ್ರ್ಯಾಕ್ಟರ್‌ನಿಂದ ಹಾರ್ವೆಸ್ಟರ್‌ಗೆ
ಎರಡು ವರ್ಷ ಟ್ರ್ಯಾಕ್ಟರ್ ಓಡಿಸಿದ್ದೇನೆ, ನೇರವಾಗಿ ಭತ್ತದ ಹಾರ್ವೆಸ್ಟರ್ ಹತ್ತಬಹುದಾ ಅಂತ ಕೇಳಿದ್ದೀರಿ. ಹತ್ತಬಹುದು. ಆದರೆ ಮೊದಲ ಕೆಲವು ದಿನ ಅನುಭವ ಇರುವ ಆಪರೇಟರ್ ಜೊತೆಗಿರಲಿ. ಟೈರಿನ ಹಾರ್ವೆಸ್ಟರ್‌ನಲ್ಲಿ ಸ್ಟೇರಿಂಗ್‌ಗೆ ತಿರುಗುವುದು ಹಿಂದಿನ ಚಕ್ರ, ಹಾಗಾಗಿ ಬದುವಿನ ಹತ್ತಿರ ತಿರುಗಿಸುವಾಗ ಹಿಂಭಾಗ ಹೊರಗೆ ಬೀಸಿಕೊಂಡು ಹೋಗಿ ಮರಕ್ಕೋ ಕಂಬಕ್ಕೋ ತಾಗುತ್ತದೆ, ಟ್ರ್ಯಾಕ್ಟರ್‌ಗೆ ಪಳಗಿದ ಕೈಗೆ ಇದು ಒಗ್ಗಲು ಸಮಯ ಬೇಕು. ಓಡಿಸುವುದಕ್ಕಿಂತ ಕಾಳು ನೋಡುವುದೇ ಜಾಸ್ತಿ ಮುಖ್ಯ ಅಲ್ವಾ? ಸ್ವಲ್ಪ ದೂರ ಕೊಯ್ದು, ಇಳಿದು, ಹಿಂದೆ ಬಿದ್ದ ಹುಲ್ಲನ್ನು ಕೈಯಲ್ಲಿ ಕೊಡವಿ. ತೆನೆಯಲ್ಲಿ ಕಾಳು ಉಳಿದಿದ್ದರೆ ಕಾಳು ಬಿಡಿಸುವ ಡ್ರಮ್‌ನ ವೇಗ ಸ್ವಲ್ಪ ಏರಿಸಿ, ಕಾಳು ತುಂಬುವ ಟ್ಯಾಂಕಿನಲ್ಲಿ ನುಚ್ಚು ಕಂಡರೆ ಇಳಿಸಿ. ಇನ್ನೊಂದು, ದಯವಿಟ್ಟು ಮರೆಯಬೇಡಿ: ಯಂತ್ರದ ಮುಂಭಾಗದಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಎಲ್ಲ ನಿಂತ ಮೇಲೆಯೇ ಕೈ ಹಾಕಿ.