ಪ್ರತಿಕ್ರಿಯೆ: ಕಿರ್ಮಾನಿ ಎರಡೇ ಶತಕ ಹೊಡೆದರೂ ಇಷ್ಟು ಹೊಗಳಿಕೆ ಏಕೆ?

88 ಟೆಸ್ಟ್ ಆಡಿ ಎರಡೇ ಶತಕ, ಹಾಗಿದ್ದೂ ಭಾರತದ ವಿಕೆಟ್‌ಕೀಪರ್ ಆಗಿದ್ದ ಸೈಯದ್ ಕಿರ್ಮಾನಿಯವರನ್ನು ಯಾಕಿಷ್ಟು ಹೊಗಳುತ್ತೀರಿ ಅಂತ ಕೇಳಿದ್ದೀರಿ. ಈಗಿನ ಕೀಪರ್‌ಗಳ ಜೊತೆ ಬರೀ ರನ್ ಇಟ್ಟು ತೂಗಿದರೆ ಹಾಗೇ ಅನ್ನಿಸುತ್ತೆ ಬಿಡಿ. ಆಗ ಕೀಪರ್ ಅಂದ್ರೆ ಮೊದಲು ಗ್ಲೌಸು, ಆಮೇಲೆ ಬ್ಯಾಟು.

ಅವರು ಯಾರ ಬೌಲಿಂಗಿಗೆ ನಿಂತಿದ್ದರು ನೋಡಿ: ಸ್ಪಿನ್ನರ್‌ಗಳಾದ ಬೇಡಿ, ಪ್ರಸನ್ನ, ಚಂದ್ರಶೇಖರ್. ಅದರಲ್ಲೂ ಚಂದ್ರ! ಹೆಸರಿಗೆ ಸ್ಪಿನ್ನರ್, ವೇಗ ಮಾತ್ರ ಹೆಚ್ಚುಕಮ್ಮಿ ಮಧ್ಯಮವೇಗಿಯದು. ಒಳಕ್ಕೆ ತಿರುಗುವ ಗೂಗ್ಲಿ ಯಾವುದು, ಹೊರಕ್ಕೆ ತಿರುಗುವ ಲೆಗ್‌ಬ್ರೇಕ್ ಯಾವುದು ಅಂತ ಬ್ಯಾಟ್ಸ್‌ಮನ್‌ಗೇ ತಿಳಿಯುತ್ತಿರಲಿಲ್ಲ. ಕೀಪರ್ ಸ್ಟಂಪಿಗೆ ಅಂಟಿಕೊಂಡು, ಚೆಂಡು ಪುಟಿಯುವ ತನಕ ಕೂತೇ ಇದ್ದು, ಅದರ ಜೊತೆಗೇ ಏಳಬೇಕು. ಕೊಂಚ ಮುಂಚೆ ಎದ್ದರೂ ಚೆಂಡು ತಪ್ಪಿ ಬೈ ರನ್, ಇಲ್ಲವೇ ಕೈಬಿಟ್ಟ ಕ್ಯಾಚು. ಅದೂ ಹೆಲ್ಮೆಟ್ ಇಲ್ಲದೆ.

ಆಗಿನ ಕೀಪರ್ ಫಾರೂಕ್ ಎಂಜಿನಿಯರ್ ಬೆನ್ನಿಗೆ ವರ್ಷಗಟ್ಟಲೆ ಕಾದು, 1976ರಲ್ಲಿ ನ್ಯೂಜಿಲೆಂಡಿನಲ್ಲಿ ಅವಕಾಶ ಸಿಕ್ಕಿತು. ಎರಡನೇ ಟೆಸ್ಟಿನಲ್ಲೇ ಒಂದು ಇನಿಂಗ್ಸಿಗೆ ಕ್ಯಾಚು, ಸ್ಟಂಪಿಂಗ್ ಸೇರಿ ಆರು ಬಲಿ, ಆಗಿನ ವಿಶ್ವದಾಖಲೆಗೆ ಸಮ. ಒಟ್ಟು 198 ಬಲಿ, ಅದರಲ್ಲಿ 38 ಸ್ಟಂಪಿಂಗ್.

ಇನ್ನು ಬ್ಯಾಟಿಂಗ್. ಎರಡರಲ್ಲಿ ಒಂದು ಶತಕ 1979ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ, ನೈಟ್‌ವಾಚ್‌ಮನ್ ಆಗಿ (ದಿನದ ಕೊನೆಗೆ ಮುಖ್ಯ ಬ್ಯಾಟ್ಸ್‌ಮನ್ ಬದಲು ಇಳಿಯುವವನಾಗಿ) ಬಂದು ಹೊಡೆದದ್ದು. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ 175 ಹೊಡೆದದ್ದು ಎಲ್ಲರಿಗೂ ಗೊತ್ತು. 140ಕ್ಕೆ ಎಂಟು ಬಿದ್ದಾಗ ಬಂದು, ಔಟಾಗದೆ 24 ಮಾಡಿ, ಮುರಿಯದ 126ರ ಜೊತೆಯಾಟಕ್ಕೆ ಆ ತುದಿ ಕಾದದ್ದು ಕಿರ್ಮಾನಿಯೇ. ನನ್ನ ಲೆಕ್ಕದಲ್ಲಿ ಆ 24ಕ್ಕೆ ಶತಕದ ತೂಕ.