ತುಂಗಭದ್ರಾ ಹಿನ್ನೀರಿಗೆ ಹಳೇ ಫೈಬರ್ ದೋಣಿ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಕೊಪ್ಪಳ ಜಿಲ್ಲೆ, ಹಿನ್ನೀರಿನ ದಂಡೆ ಮೇಲೆ ಊರು. ನೀವು, ನಿಮ್ಮ ತಮ್ಮ, ಇಬ್ಬರೇ ಮೀನು ಹಿಡಿಯೋರು. ಇಲ್ಲಿವರೆಗೂ ಹರಿಗೋಲಿನಲ್ಲೇ ಬಲೆ ಹಾಕಿದ್ದೀರಿ. ಈಗ ಮಲ್ಪೆ ಕಡೆಯಿಂದ 24 ಅಡಿಯ ಹಳೇ ಫೈಬರ್ ದೋಣಿ, 15 ಎಚ್‌ಪಿ ಎಂಜಿನ್ ಸಮೇತ ಕಡಿಮೆ ರೇಟಿಗೆ ಬರ್ತಾ ಇದೆ. ತಗೊಳ್ಳಬಹುದಾ, ಏನೇನು ನೋಡಬೇಕು, ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ನಾನೂ ಇದೇ ಹಿನ್ನೀರಿನವನು, ಮುನಿರಾಬಾದ್ ಕಡೆ. ನನ್ನದೊಂದು ಚಿಕ್ಕ ಫೈಬರ್ ದೋಣಿ ಇದೆ, ಅಕ್ಕಪಕ್ಕದವರ ದೋಣಿಗೆ ತೇಪೆ ಹಾಕಿಕೊಡುವ ಕೆಲಸವನ್ನೂ ಮಾಡ್ತೀನಿ. ನೇರವಾಗಿ ಹೇಳಿಬಿಡ್ತೀನಿ: ಇಬ್ಬರೇ ಇದ್ದರೆ 24 ಅಡಿ ಬೇಡ. ದೋಣಿ ಎಷ್ಟೇ ಗಟ್ಟಿಯಾಗಿದ್ದರೂ ಬೇಡ.

ಯಾಕೆ ಅಂದ್ರೆ, ಬಂದರಿನಲ್ಲಿ ನೀರು ಇವತ್ತು ಎಲ್ಲಿದೆಯೋ ನಾಳೆಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತೆ, ಭರತ ಬಂದರೂ ಇಳಿತ ಬಂದರೂ ಒಂದು ಲೆಕ್ಕಕ್ಕೆ ಸಿಗುತ್ತೆ. ನಮ್ಮದು ಹಾಗಲ್ಲ. ಡ್ಯಾಂ ತುಂಬಿದರೆ ಸಮುದ್ರ ಮಟ್ಟದಿಂದ 1633 ಅಡಿ, ಸುಮಾರು 378 ಚದರ ಕಿಲೋಮೀಟರ್ ನೀರು. ಆಮೇಲೆ ಕಾಲುವೆಗಳಿಗೆ ಬಿಟ್ಟು ಬಿಟ್ಟು, ದೀಪಾವಳಿಗೆ ದೋಣಿ ಕಟ್ಟಿದ್ದ ಜಾಗದಿಂದ ಯುಗಾದಿ ಹೊತ್ತಿಗೆ ನೀರು ಎಲ್ಲೋ ದೂರದಲ್ಲಿರುತ್ತೆ. ಮಧ್ಯ ಬರೀ ಕೆಸರು, ಗರಸು, ಹಳೇ ಮರದ ಬೊಡ್ಡೆ, ಮುಳುಗಿದ ಊರುಗಳ ಗೋಡೆ ಕಲ್ಲು. ನೀರು ಇಳಿದ ಹಾಗೆಲ್ಲ ದೋಣಿಯನ್ನು ಅದರ ಹಿಂದೆ ಎಳೆದುಕೊಂಡು ಹೋಗಲೇಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನೋಡಿದ್ದೀರಲ್ಲ, ತುಂಬಿದ ಡ್ಯಾಂ ಕೆಲವೇ ದಿನದಲ್ಲಿ ಇಳಿದುಹೋಯಿತು, ಅದೂ ಆಗಸ್ಟ್‌ನಲ್ಲಿ. ಹಾಗಾಗಿ ಇಲ್ಲಿ ದೋಣಿ ಹಾಳಾಗೋದು ನೀರಿನಲ್ಲಿ ಕಡಿಮೆ, ದಂಡೆ ಮೇಲೆ ಜಾಸ್ತಿ. ಕೆಳಗಿನಿಂದ ಕಲ್ಲು ಉಜ್ಜುತ್ತೆ, ಮೇಲಿನಿಂದ ಬಿಸಿಲು ಸುಡುತ್ತೆ. ನೀವಿಬ್ಬರೇ ಕೆಸರಿನಲ್ಲಿ ಎಳೆಯೋಕೆ ಆಗುವಂಥ ದೋಣಿ ನಿಮ್ಮ ದೋಣಿ, ಅದಕ್ಕಿಂತ ದೊಡ್ಡದಕ್ಕೆ ದಿನಾ ನಾಲ್ಕು ಜನರನ್ನು ಕರೆಯಬೇಕು, ಅವರಿಗೆ ಮೀನೂ ಕೊಡಬೇಕು. 16 ಅಡಿ, ಹೆಚ್ಚೆಂದರೆ 18 ಅಡಿ, ತಳ ಸ್ವಲ್ಪ ಚಪ್ಪಟೆ ಇರೋದು ಹುಡುಕಿ. ಸಮುದ್ರದ ದೋಣಿಗೆ ಅಲೆ ಸೀಳೋಕೆ ಮೂತಿ ಎತ್ತರ, ತಳ ಚೂಪು. ನಮ್ಮ ತೆಳು ನೀರಿನ ದಂಡೆಗೆ ಅದು ಒಂದು ಕಡೆ ವಾಲಿಕೊಂಡು ನಿಲ್ಲುತ್ತೆ.

ಚಿಕ್ಕ ದೋಣಿ ಸಿಕ್ಕಿತು ಅಂತಿಟ್ಟುಕೊಳ್ಳಿ. ನೋಡೋಕೆ ಹೋಗುವಾಗ ಜೊತೆಗೆ ಒಂದು ಸ್ಕ್ರೂಡ್ರೈವರ್, ಸ್ಪ್ಯಾನರ್, ಟಾರ್ಚ್ ಇರಲಿ. ದೋಣಿ ನೀರಿನಲ್ಲಿದ್ದರೆ ದಂಡೆಗೆ ಹಾಕಿಸಿ, ಆಗಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ತಳ ನೋಡದೆ ದುಡ್ಡು ಕೊಡಬೇಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಆಗ ಬಹಳಷ್ಟು ದೋಣಿಗಳು ಮೇಲೆಯೇ ಇರುತ್ತವೆ. ನಮ್ಮ ಕಡೆಯೂ ಹೊಸ ನೀರು ಬರೋದು ಅದೇ ಹೊತ್ತಿಗೆ. ಜೂನ್ ಶುರುವಿನಲ್ಲೇ ಹೋಗಿ ನೋಡಿ ಬಂದರೆ ತರೋಕೆ, ರಿಪೇರಿ ಮಾಡೋಕೆ ಟೈಮ್ ಸಿಗುತ್ತೆ.

ಮೊದಲು ಅಂಗೈಯಿಂದ ಮೈ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಮೇಲಿನ ಹೊಳಪಿನ ಪದರ, ಅಂದರೆ ಜೆಲ್ ಕೋಟ್, ಬಿಸಿಲಿಗೆ ಸತ್ತಿದೆ ಅಂತ. ಅಷ್ಟಕ್ಕೇ ಹೆದರಬೇಕಾಗಿಲ್ಲ. ನೂಲು ಎದ್ದು ಕೈಗೆ ಚುಚ್ಚುತ್ತಿದ್ದರೆ ಮಾತ್ರ ಒಳಗಿನ ಗಾಜಿನ ನೂಲಿನ ಹಾಸು, ಅಂದರೆ ಮ್ಯಾಟ್‌ವರೆಗೂ ಸವೆದಿದೆ, ಅದು ದೊಡ್ಡ ಕೆಲಸ. ಹೊಸದಾಗಿ ಪೇಂಟ್ ಹೊಡೆದ ದೋಣಿ ಕಂಡರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಅದರಲ್ಲೂ ಒಳಗಿನ ತಳಕ್ಕೆ ಯಾಕ್ರೀ ಹೊಸ ಪೇಂಟ್?

ಆಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಇಡೀ ತಳವನ್ನು ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತೆ. ಪದರ ಬಿಟ್ಟಿರುವ ಕಡೆ, ನೀರು ಕುಡಿದಿರುವ ಕಡೆ ದಬ್ ದಬ್ ಅನ್ನುತ್ತೆ. ಸೀಮೆಸುಣ್ಣದಲ್ಲಿ ಅಲ್ಲಿ ಗುರುತು ಮಾಡಿ. ಮಾರುವವನು ನೋಡ್ತಾ ಇದ್ದರೆ ಇನ್ನೂ ಒಳ್ಳೇದು, ರೇಟ್ ತಾನಾಗೇ ಇಳಿಯುತ್ತೆ. ಸಣ್ಣ ಬೊಕ್ಕೆಗಳಿದ್ದರೆ ಕೇಳಿಯೇ ಒಂದನ್ನು ಚುಚ್ಚಿ ನೋಡಿ. ಹುಳಿ ವಾಸನೆಯ ನೀರು ಬಂದರೆ ಫೈಬರ್ ಒಳಗೆ ನೀರು ಇಳಿದಿದೆ. ಒಂದೆರಡು ಕಡೆ ಇದ್ದರೆ ರಿಪೇರಿ ಆಗುತ್ತೆ, ತಳವೆಲ್ಲ ಬೊಕ್ಕೆ ಆಗಿದ್ದರೆ ಬಿಟ್ಟುಬಿಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಎಂಜಿನ್ ನೇತು ಹಾಕುವ ಹಿಂದಿನ ಹಲಗೆ. ಹೊರಗಿನಿಂದ ಫೈಬರ್ ಕಾಣುತ್ತೆ, ಒಳಗೆ ಬಹುಪಾಲು ಪ್ಲೈವುಡ್ ಇರುತ್ತೆ. ಬೋಲ್ಟ್ ತೂತಿನಿಂದ ನೀರು ಇಳಿದು ಪ್ಲೈವುಡ್ ಒಳಗೇ ಕೊಳೆಯುತ್ತೆ, ಹೊರಗೆ ಏನೂ ಗೊತ್ತಾಗಲ್ಲ. ಎಂಜಿನ್ ಮೇಲೆತ್ತಿಟ್ಟು ಅದರ ಕಾಲನ್ನು, ಅಂದರೆ ನೀರಿಗಿಳಿಯುವ ಕೆಳಭಾಗವನ್ನು, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಲಗೆಯೂ ಜೊತೆಗೆ ಬಾಗಿದರೆ ಅಲ್ಲಿಗೆ ಮುಗೀತು. ಅನುಮಾನ ಇದ್ದರೆ ಒಂದು ಬೋಲ್ಟ್ ಬಿಚ್ಚಿಸಿ, ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆಯಿರಿ. ಒಣ ಕಟ್ಟಿಗೆ ಪುಡಿ ಬಂದರೆ ಸರಿ. ಕಪ್ಪಗೆ, ಒದ್ದೆಯಾಗಿ, ಕೊಳೆತ ವಾಸನೆಯದು ಬಂದರೆ ಹಲಗೆ ಪೂರ್ತಿ ಬಿಚ್ಚಿ ಹೊಸದು ಕೂರಿಸಬೇಕು. ಆ ಕೂಲಿ, ಸಾಮಾನು ಎರಡನ್ನೂ ದೋಣಿ ರೇಟಿಗೆ ಕೂಡಿಸಿ ನೋಡಿ, ಆಗ 'ಅಗ್ಗ' ಎಷ್ಟು ಅಗ್ಗ ಅಂತ ಗೊತ್ತಾಗುತ್ತೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ದೋಣಿ ದಂಡೆ ಮೇಲೆ ಟೈರ್ ಮೇಲೆ ಕೂತಿರುವಾಗ ಒಳಗೆ ಕೆಲವು ಕೊಡ ನೀರು ಸುರಿಯಿರಿ, ನಾಲ್ಕು ಬೆರಳು ನಿಂತರೆ ಸಾಕು. ಹೊರಗಡೆ ಎಲ್ಲಿ ಒದ್ದೆ ಆಗುತ್ತೆ ನೋಡಿ. ತೇಲುವ ದೋಣಿಯ ಒಳಗೆ ನೀರು ಬಂದರೆ ಎಲ್ಲಿಂದ ಬಂತು ಅಂತ ಹುಡುಕೋದು ಕಷ್ಟ, ಹೀಗೆ ಮಾಡಿದರೆ ತೂತೇ ತಾನಾಗಿ ತೋರಿಸಿಕೊಡುತ್ತೆ.

ಎಂಜಿನ್ ಬಗ್ಗೆ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ, ಹೋದ ಕೂಡಲೇ ಮುಟ್ಟಿ ನೋಡಿ. ತಣ್ಣಗಿದ್ದಾಗ ಎಷ್ಟು ಎಳೆತಕ್ಕೆ ಸ್ಟಾರ್ಟ್ ಆಗುತ್ತೆ ಅನ್ನೋದೇ ಮುಖ್ಯ. ಕಾಲು ನೀರಿನಲ್ಲಿ ಮುಳುಗಿರಬೇಕು, ಇಲ್ಲಾ ಡ್ರಮ್ಮಿನಲ್ಲಿ ಇಟ್ಟಿರಬೇಕು, ಒಣಗಾಲಲ್ಲಿ ಓಡಿಸಿ ತೋರಿಸ್ತೀನಿ ಅಂದರೆ ಬೇಡ ಅನ್ನಿ, ತಣ್ಣೀರು ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತೆ. ಸ್ಟಾರ್ಟ್ ಆದ ಮೇಲೆ ಹಿಂದಿನ ಚಿಕ್ಕ ತೂತಿನಿಂದ ನೀರು ಒಂದೇ ಸಮ ಚಿಮ್ಮಬೇಕು. ಸಮುದ್ರದಲ್ಲಿ ಓಡಿದ ಎಂಜಿನ್ ಆದರೆ ಒಳದಾರಿಗಳಲ್ಲಿ ಉಪ್ಪು ಕಟ್ಟಿರುತ್ತೆ, ನೀರು ತೊಟ್ಟು ತೊಟ್ಟಾಗಿ ಬಂದರೆ ಇದೇ ಕಾರಣ ಇರಬಹುದು. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಬಿಚ್ಚಿಸಿ ಸ್ವಲ್ಪ ತೆಗೆಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಸೇರಿದೆ. ಎರಡು ಸಿಲಿಂಡರ್ ಇದ್ದರೆ ಮೆಕ್ಯಾನಿಕ್ ಹತ್ರ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರಬೇಕು. ನನ್ನ ಕೇಳಿದರೆ ನಿಮ್ಮ ಕೆಲಸಕ್ಕೆ 15 ಎಚ್‌ಪಿ ಬೇಕಾಗಿಲ್ಲ, 18 ಅಡಿಗೆ 8 ಎಚ್‌ಪಿ ಧಾರಾಳ. ಬಲೆ ಎಳೆಯುವಾಗ ಹೇಗೂ ಹುಟ್ಟೇ ಗತಿ.

ಕಾಗದ ಪತ್ರ ಮರೆಯಬೇಡಿ. ಎಂಜಿನ್ ನಂಬರ್ ಬಿಲ್ಲಿನಲ್ಲಿ ಇರೋದೇ ಆಗಿರಬೇಕು. ದೋಣಿ ಸಬ್ಸಿಡಿಯಲ್ಲಿ ಬಂದದ್ದಾ, ಅದರ ಮೇಲೆ ಸಾಲ ಇದೆಯಾ ಅಂತ ಬಾಯಿಮಾತಲ್ಲಿ ಕೇಳಿ ಬಿಡದೆ ಬರೆಸಿಕೊಳ್ಳಿ. ಇಲ್ಲಿ ನಮ್ಮ ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗಿ, ನಿಮ್ಮ ಪರವಾನಗಿಯಲ್ಲಿ ಎಂಜಿನ್ ದೋಣಿಗೆ ಅವಕಾಶ ಇದೆಯಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ. ಡ್ಯಾಂ ಕೆಳಗೆ ಹೊಳೆಯಲ್ಲಿ ಹಾಕುವ ಯೋಚನೆ ಇದ್ದರೆ ಇನ್ನೊಂದು ವಿಷಯ, ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯವರನ್ನೂ ಕೇಳಬೇಕು. ಮೀನುಗಾರಿಕೆ ಇಲಾಖೆ ಆಫೀಸಿನಲ್ಲೇ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಬಗ್ಗೆಯೂ ವಿಚಾರಿಸಿ. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಹೊಸ ದೋಣಿಗೆ ನಿಮ್ಮ ಹೆಸರು ಬರುವಂತಿದ್ದರೆ ಹಳೇದಕ್ಕೆ ಯಾಕೆ ಓಡಾಡ್ತೀರಿ? ನಿಮ್ಮ ಮನೆಯಲ್ಲಿ ತಾಯಿ ಅಥವಾ ಹೆಂಡತಿ ಹೆಸರಲ್ಲಿ ಅರ್ಜಿ ಹಾಕಬಹುದಾ ಅಂತಲೂ ಕೇಳಿ. ಆ ಯೋಜನೆಯಲ್ಲೇ 5 ಲಕ್ಷದ ಅಪಘಾತ ವಿಮೆಯೂ ಇದೆ, ಹೆಸರು ಬರೆಸಿಬಿಡಿ.

ತಂದ ಮೇಲೆ. ಲಾರಿಯಲ್ಲಿ ತರುವಾಗ ತಳಕ್ಕೆ ಟೈರ್ ಅಥವಾ ಮರಳಿನ ಚೀಲ ಕೊಡಿ, ಹಗ್ಗ ಬಿಗಿದು ಮೈ ಒಳಗೆ ತಗ್ಗಾಗುವಂತೆ ಕಟ್ಟಬೇಡಿ. ಘಾಟಿ ಹತ್ತುವಾಗ ಅಲ್ಲಾಡಿ ಅಲ್ಲಾಡಿ ಹೊಸ ಬಿರುಕು ಬರುತ್ತೆ. ಊರಿಗೆ ಬಂದ ಮೇಲೆ ಬೋರಲು ಹಾಕಿ ಚೆನ್ನಾಗಿ ಒಣಗಲು ಬಿಡಿ. ಒದ್ದೆ ಫೈಬರ್ ಮೇಲೆ ರೆಸಿನ್ (ಮ್ಯಾಟ್ ಅಂಟಿಸುವ ದ್ರವ) ಹಿಡಿಯಲ್ಲ, ಎಷ್ಟು ಪದರ ಹಾಕಿದರೂ ಸಿಪ್ಪೆ ಎದ್ದು ಬರುತ್ತೆ. ತೇಪೆ ಹಾಕುವ ಜಾಗವನ್ನು ಬಿರುಕಿಗಿಂತ ಎರಡು ಇಂಚು ಸುತ್ತಲೂ ಉಪ್ಪುಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಮ್ಯಾಟ್ ಇಟ್ಟು ರೆಸಿನ್ ಕುಡಿಸಿ, ಬ್ರಷ್ಷಿನಿಂದ ಕುಟ್ಟಿ ಗಾಳಿ ಗುಳ್ಳೆ ತೆಗೆಯಿರಿ.

ಇಲ್ಲಿ ಎರಡು ಎಚ್ಚರಿಕೆ. ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕುವ ಕೋಬಾಲ್ಟ್ ದ್ರವ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡನ್ನು ನೇರವಾಗಿ ಒಟ್ಟಿಗೆ ಸೇರಿಸಲೇಬೇಡಿ, ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ಹಾಕಿ ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಬಳಸುವ ಹೊತ್ತಿಗೆ ಹಾರ್ಡನರ್. ಅದು ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕಿಕೊಳ್ಳಿ. ಎರಡನೇದು ನಮ್ಮ ಬಿಸಿಲು. ಕರಾವಳಿಯವರು ಹೇಳಿದ ಅಳತೆಯಲ್ಲಿ ಹಾರ್ಡನರ್ ಹಾಕಿ ಮಧ್ಯಾಹ್ನ 12ಕ್ಕೆ ಕೆಲಸಕ್ಕೆ ಕೂತರೆ ಬ್ರಷ್ ಎತ್ತುವಷ್ಟರಲ್ಲಿ ಡಬ್ಬಿಯಲ್ಲೇ ಕಲ್ಲಾಗಿರುತ್ತೆ. ಬೆಳಗಿನ ಜಾವ, ನೆರಳಲ್ಲಿ, ಒಂದೊಂದು ಲೋಟದಷ್ಟೇ ಕಲಸಿಕೊಳ್ಳಿ. ಎಂ-ಸೀಲ್ ನೀರಿನ ಮಧ್ಯೆ ದಂಡೆ ಸೇರೋಕೆ ಸಾಕು, ಅದೇ ಕಾಯಂ ರಿಪೇರಿ ಅಲ್ಲ.

ತಳದ ನಡುಗೆರೆಗೆ, ನೆಲಕ್ಕೆ ಉಜ್ಜುವ ಜಾಗಕ್ಕೆ, ಮೊದಲೇ ಎರಡು ಮೂರು ಪದರ ಮ್ಯಾಟ್ ಜಾಸ್ತಿ ಹಾಕಿ. ಸವೆಯೋದು ಅದೇ, ಪ್ರತಿ ವರ್ಷ ಅದನ್ನೇ ಮತ್ತೆ ಹಾಕಿದರೆ ಒಳಗಿನ ಮೈಗೆ ಏಟು ಬೀಳಲ್ಲ. ಎಳೆಯುವಾಗ ಬರಿ ನೆಲದ ಮೇಲೆ ಎಳೆಯಬೇಡಿ. ಬಾಳೆ ದಿಂಡು ನಮ್ಮ ಕಡೆ ಪುಕ್ಕಟೆ ಸಿಗುತ್ತೆ, ಅಡ್ಡ ಇಟ್ಟರೆ ಅದರ ರಸಕ್ಕೆ ದೋಣಿ ಜಾರಿಕೊಂಡು ಬರುತ್ತೆ.

ಬೇಸಿಗೆಯಲ್ಲಿ ದೋಣಿ ಖಾಲಿ ಇದ್ದರೆ ಬೋರಲು ಹಾಕಿ, ಎರಡು ಕಟ್ಟಿಗೆ ಮೇಲೆ, ಬೇವಿನ ಮರದ ಕೆಳಗೆ. ಮರ ಇಲ್ಲದಿದ್ದರೆ ಭತ್ತದ ಹುಲ್ಲು, ಗೋಣಿಚೀಲ ಏನಾದರೂ ಹೊದಿಸಿ. ಹುಲ್ಲು ಹೊದಿಸಿದರೆ ಎಮ್ಮೆಗಳ ಕಡೆ ಒಂದು ಕಣ್ಣಿರಲಿ, ಸಂಜೆಗೆ ದೋಣಿ ಬತ್ತಲೆ ಆಗಿರುತ್ತೆ. ಪ್ಲಾಸ್ಟಿಕ್ ತಾಡಪಾಲು ಬಿಗಿದು ಕಟ್ಟಿದರೆ ಒಳಗೆ ಕಾವು ಕೂಡುತ್ತೆ, ಗಾಳಿಗೆ ಜಾಗ ಬಿಡಿ.

ಎಂಜಿನ್‌ದು ಜಾಸ್ತಿ ಇಲ್ಲ. ಟೂ ಸ್ಟ್ರೋಕ್ ಆದರೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್, ಆದರೂ ನಿಮ್ಮ ಎಂಜಿನ್ ಪುಸ್ತಕದಲ್ಲಿ ಇರೋದೇ ಲೆಕ್ಕ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಎಳೆದುಕೊಳ್ಳುತ್ತೆ. ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಪೈಪ್ ತೆಗೆದು, ಕಾರ್ಬೊರೇಟರ್ ಖಾಲಿ ಆಗುವವರೆಗೆ ಓಡಿಸಿ ಆಫ್ ಮಾಡಿ. ಸಮುದ್ರದ ಎಂಜಿನ್‌ಗೆ ತುಕ್ಕು ತಡೆಯೋಕೆ ಜಿಂಕ್ ತುಂಡು ಹಾಕಿರುತ್ತಾರೆ, ಸಿಹಿನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡಲ್ಲ, ಅಲ್ಯೂಮಿನಿಯಂನದು ಹಾಕಿಸಿ. ಗೇರ್ ಆಯಿಲ್, ಇಂಪೆಲ್ಲರ್ ಹೊಸ ನೀರು ಬರುವ ಮುಂಚೆ ಬದಲಾಯಿಸಿ. ಬಲೆ ದಾರ ಎಂಜಿನ್ ಕಾಲಿನ ಫ್ಯಾನಿನ (ಪ್ರೊಪೆಲರ್) ಹಿಂದೆ ಸುತ್ತಿಕೊಂಡು ಸೀಲ್ ಕತ್ತರಿಸುತ್ತೆ, ಆಗಾಗ ಫ್ಯಾನ್ ಬಿಚ್ಚಿ ನೋಡಿ. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆ ನಿಮಗೇ ಗೊತ್ತು, ಎಂಜಿನ್ ಇದೆ ಅಂತ ಹುಟ್ಟು, ಲೈಫ್ ಜಾಕೆಟ್ ಮನೇಲಿ ಬಿಟ್ಟು ಹೋಗಬೇಡಿ.

ಹರಿಗೋಲನ್ನು ಮಾತ್ರ ಮಾರಬೇಡಿ. ಏಪ್ರಿಲ್, ಮೇನಲ್ಲಿ ದೋಣಿ ಇಳಿಸೋಕೇ ಆಗದ ಕೆಸರಿನಲ್ಲಿ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಬಲೆ ಹಾಕೋದು ಅದರಿಂದಲೇ ಆಗೋದು. ಮಲ್ಪೆಯವರಿಗೆ ಇನ್ನೊಂದು ಫೋನ್ ಮಾಡಿ, 16ರಿಂದ 18 ಅಡಿಯದು ಇದೆಯಾ, ಎಂಜಿನ್ ಬಿಟ್ಟು ಬರೀ ದೋಣಿ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿ. ಬಿಡಿಸಿ ಕೊಡಲ್ಲ ಅಂದರೆ ಎಂಜಿನ್‌ಗೆ ಎಷ್ಟು, ದೋಣಿಗೆ ಎಷ್ಟು ಅಂತ ಬೇರೆ ಬೇರೆ ಹೇಳಿಸಿ. ಫೋಟೋ ಕಳಿಸಿದರೆ ಹಿಂದಿನ ಹಲಗೆಯದು, ತಳದ್ದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.