ಶಾಸಕರಿಗೆ ಚರಂಡಿ ಬಗ್ಗೆ ಬರೆದರೆ ಬೀದಿದೀಪದ ಬಗ್ಗೆ ಉತ್ತರ ಬಂದಿದೆ. ಮತ್ತೆ ಬರೆಯಬೇಕೇ, ಬಿಟ್ಟುಬಿಡಬೇಕೇ?

ಬರೆಯಿರಿ. ಆದರೆ ಅದೇ ಪತ್ರವನ್ನು ಇನ್ನೊಂದು ಸಲ ಕಳಿಸಬೇಡಿ. ಯಾಕೆ ಅನ್ನೋದು ನನ್ನ ಪೇಚಾಟ ಕೇಳಿದರೆ ಗೊತ್ತಾಗುತ್ತೆ.

2022ರ ಮಳೆಗಾಲ. ನಮ್ಮೂರಿಂದ ಪೇಟೆಗೆ ಹೋಗುವ ದಾರಿಯಲ್ಲಿದ್ದ ರೈಲ್ವೆ ಗೇಟು ತೆಗೆದು ಅಂಡರ್‌ಪಾಸ್ ಮಾಡಿದ್ದರು. ಒಂದು ಜೋರು ಮಳೆ ಬಿದ್ದರೆ ಅದರೊಳಗೆ ಸೊಂಟದ ಮಟ್ಟ ನೀರು. ಶಾಲೆ ಮಕ್ಕಳು ಬ್ಯಾಗು ತಲೆ ಮೇಲಿಟ್ಟುಕೊಂಡು ಏರಿ ಹತ್ತಿ ಹಳಿ ದಾಟುತ್ತಿದ್ದರು. ರೈಲ್ವೆ ಕೇಂದ್ರದ ವಿಷಯ ತಾನೆ, ಸಂಸದರಿಗೇ ಬರೆದೆ. ಎರಡೂವರೆ ಪುಟ! ಗೇಟ್‌ಮನ್ ಇದ್ದ ಕಾಲದಿಂದ ಕಥೆ ಶುರು ಮಾಡಿದ್ದೆ. ನೀರಿನ ಪ್ರಸ್ತಾಪ ಬರೋದು ಎರಡನೇ ಪುಟದ ನಡುವೆ. 'ವಿಷಯ' ಅನ್ನುವ ಸಾಲಿನಲ್ಲಿ 'ರೈಲ್ವೆ ಸಮಸ್ಯೆ ಕುರಿತು' ಅಂತಷ್ಟೇ ಇತ್ತು.

ತಿಂಗಳಾದ ಮೇಲೆ ಲಕೋಟೆ ಬಂತು. ದಪ್ಪ ಕಾಗದ, ಮೇಲೆ ಲಾಂಛನ. ಅಪ್ಪ ಜಗಲಿ ಮೇಲೆ ಕೂತು, ಅಕ್ಕಪಕ್ಕದವರಿಗೂ ಕೇಳಲಿ ಅಂತ ಗಟ್ಟಿಯಾಗಿ ಓದಿದರು. ನಮ್ಮೂರ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ರೈಲಿಗೆ ನಿಲುಗಡೆ ಕೋರಿ ನಾನು ಸಲ್ಲಿಸಿದ್ದ ಮನವಿಯನ್ನು 'ನಿಯಮಾನುಸಾರ ಸೂಕ್ತ ಕ್ರಮಕ್ಕಾಗಿ' ಕಳಿಸಲಾಗಿದೆಯಂತೆ. ಊರಿನ ಹೆಸರು ಮಾತ್ರ ನೀಲಿ ಶಾಯಿಯಲ್ಲಿ ಕೈಯಲ್ಲಿ ತುಂಬಿದ್ದು, ಉಳಿದದ್ದೆಲ್ಲ ಅಚ್ಚು. ನಮ್ಮೂರಲ್ಲಿ ನಿಲ್ದಾಣವೇ ಇಲ್ಲ. 'ರೈಲು ಎಲ್ಲಿ ನಿಲ್ಲಿಸ್ತಾರಂತೋ, ಆ ನೀರೊಳಗಾ?' ಅಂದರು ಅಪ್ಪ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ನಮ್ಮ ಕೋಣ ನೀರಿಗೂ ಎಳೆಯಲಿಲ್ಲ.

ಸಿಟ್ಟಲ್ಲೇ ಪತ್ರ ಹಿಡಿದು ಅವರ ಕಚೇರಿಗೆ ಹೋದೆ. ಆಪ್ತ ಸಹಾಯಕರು ಒಳ್ಳೆ ಮನುಷ್ಯ. ಮೇಜಿನ ಮೇಲೆ ರಸ್ತೆ, ಪಿಂಚಣಿ, ವರ್ಗಾವಣೆ, ರೈಲ್ವೆ ಅಂತ ಕಟ್ಟು ಕಟ್ಟಿಟ್ಟಿದ್ದರು. 'ರೈಲ್ವೆ ಅಂತ ಬರೋದರಲ್ಲಿ ಮುಕ್ಕಾಲು ಪಾಲು ನಿಲುಗಡೆದೇ ಸರ್. ವಿಷಯ ನೋಡ್ತೀವಿ, ಆ ಕಟ್ಟಿಗೆ ಹಾಕ್ತೀವಿ' ಅಂದರು. ರಾಜ್ಯದ ಐದು ಕೋಟಿಗೂ ಮೀರಿದ ಮತದಾರರಿಗೆ ಸಂಸದರು 28 ಜನ. ಒಬ್ಬೊಬ್ಬರ ಪಾಲಿಗೆ ಎಂಟು ವಿಧಾನಸಭಾ ಕ್ಷೇತ್ರ, ಹದಿನೆಂಟು ಲಕ್ಷಕ್ಕೂ ಹೆಚ್ಚು ಮತದಾರರು. ಲೆಕ್ಕ ಅರ್ಥವಾಯಿತು, ಸಿಟ್ಟೇನೂ ಇಳಿಯಲಿಲ್ಲ. ಓದದೇ ಇದ್ದರೂ ಪರವಾಗಿಲ್ಲ, ಓದಿದವರ ಹಾಗೆ ಉತ್ತರ ಬರೆಯೋದು ಯಾಕೆ ಅಂತ ಈಗಲೂ ಅನಿಸುತ್ತೆ.

ಎರಡನೇ ಪತ್ರ ಅರ್ಧ ಪುಟ. ವಿಷಯದ ಸಾಲಲ್ಲೇ ಎಲ್ಲ ಬಂದುಬಿಡುವ ಹಾಗೆ ಬರೆದೆ: ಇಂಥ ಗ್ರಾಮದ ಬಳಿಯ ರೈಲ್ವೆ ಅಂಡರ್‌ಪಾಸ್‌ನಲ್ಲಿ ನಿಲ್ಲುವ ಮಳೆನೀರು ಹೊರಹಾಕಲು ಪಂಪ್ ಅಳವಡಿಸುವ ಕುರಿತು. ಅದರ ಕೆಳಗೆ 'ಉಲ್ಲೇಖ' ಅಂತ ಹಾಕಿ, ಅವರು ಕಳಿಸಿದ್ದ ನಿಲುಗಡೆ ಪತ್ರದ ಸಂಖ್ಯೆ ಮತ್ತು ದಿನಾಂಕ. ಬೈಕಿನ ಸೀಟಿನವರೆಗೆ ನೀರು ನಿಂತಿದ್ದ ಒಂದು ಫೋಟೊ. ಕೇಳಿದ್ದು ಒಂದೇ: ರೈಲ್ವೆ ವಿಭಾಗೀಯ ಕಚೇರಿಗೆ ಪತ್ರ ಬರೆದು, ಅದರ ಪ್ರತಿ ನನಗೆ ಕೊಡಿ. ಅಂಚೆಗೆ ಹಾಕದೆ ಕೈಯಲ್ಲೇ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಮೂರು ವಾರಕ್ಕೆ ಪ್ರತಿ ಬಂತು, ಈ ಸಲ ನೀರಿನ ವಿಷಯವೇ ಇತ್ತು.

ನಿಮ್ಮದು ಚರಂಡಿ. ಅದು ಪಂಚಾಯಿತಿಯದೋ ಪುರಸಭೆಯದೋ ಕೆಲಸ, ಶಾಸಕರು ಒಂದೋ ಅವರಿಗೆ ಪತ್ರ ಬರೆಯಬಹುದು, ಇಲ್ಲ ತಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣಕ್ಕೆ ಶಿಫಾರಸು ಮಾಡಬಹುದು. ವರ್ಷಕ್ಕೆ 2 ಕೋಟಿ ಇರುತ್ತೆ ಆ ನಿಧಿ. ಎರಡರಲ್ಲಿ ಯಾವುದು ಬೇಕು ಅಂತ ನೀವೇ ಬರೆಯಿರಿ, ಊಹಿಸೋ ಕೆಲಸ ಅವರಿಗೆ ಬಿಡಬೇಡಿ.

ಅದಕ್ಕೂ 'ಸಂಬಂಧಪಟ್ಟವರಿಗೆ ರವಾನಿಸಲಾಗಿದೆ' ಅನ್ನೋ ಹಿಂಬರಹ ಬಂದರೆ, ಒಂದು ತಿಂಗಳು ಕಾದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶಾಸಕರ ಕಚೇರಿಗಲ್ಲ, ಪತ್ರ ಹೋಗಿ ಕೂತಿರುವ ಕಚೇರಿಗೆ. ಇಂಥ ಸಂಖ್ಯೆಯ ಪತ್ರದ ಮೇಲೆ ಏನು ಕ್ರಮ ಆಗಿದೆ ಅಂತ ಕೇಳಿ, ಕಡತದ ಪ್ರತಿಯನ್ನೂ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಜನ ಈ ಮಿತಿಯನ್ನು ಬೈಯ್ತಾರೆ, ನಾನೂ ಬೈದಿದ್ದೇನೆ. ಆದರೆ ನನ್ನ ಮೊದಲ ಪತ್ರಕ್ಕೆ ಅಂಥದೊಂದು ಮಿತಿ ಇದ್ದಿದ್ದರೆ ಗೇಟ್‌ಮನ್ ಕಥೆ ತಪ್ಪುತ್ತಿತ್ತು.

ಆ ಬೀದಿದೀಪದ ಪತ್ರ ಹರಿದು ಹಾಕಿಲ್ಲ ತಾನೆ? ಅದರ ಸಂಖ್ಯೆ ನಿಮಗೆ ಬೇಕಾಗುತ್ತೆ.

ಅಂದ ಹಾಗೆ ನಮ್ಮ ಅಂಡರ್‌ಪಾಸಿಗೆ ಮರುವರ್ಷ ಪಂಪು ಬಂತು. ಅದಕ್ಕೆ ಡೀಸೆಲ್ ಹಾಕೋರು ಯಾರು ಅಂತ ಕೇಳಿ ಮೂರನೇ ಪತ್ರ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.